ಕಂಡಕ್ಟರ್ ದುರ್ಗಾ ಮತ್ತು ಹುಸೇನಮ್ಮನ ಕ್ಯಾಸೆಟ್

ಹೊಸಪೇಟೆ ಡಿಪೋದ ಕಂಡಕ್ಟರ್ ದುರ್ಗಾಗೆ ಹಾಡಲು ಬರುವುದಿಲ್ಲ. ಹದಿನೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದು ಕೂಗಿ ಅವಳ ದನಿ ಒರಟಾಗಿದೆ. ಆದರೆ ಚಪ್ಪರದಹಳ್ಳಿಯ ಅವಳ ಎರಡು ಕೋಣೆಯ ಮನೆಗೆ ಹೋದರೆ ಕೂರಲು ಜಾಗ ಹುಡುಕಬೇಕು, ಅಷ್ಟು ಕ್ಯಾಸೆಟ್, ಅಷ್ಟು ಗ್ರಾಮಫೋನ್ ತಟ್ಟೆ. ಗಂಡ ಹುಲಿಗೇಶ್ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಉಳಿದ ಕಬ್ಬಿಣದ ಪಟ್ಟಿಗಳನ್ನು ತಂದು ಗೋಡೆಯುದ್ದಕ್ಕೂ ಅಟ್ಟ ಮಾಡಿಕೊಟ್ಟವನು ಅವನೇ. "ಅಕ್ಕಿ ಡಬ್ಬಿ ಮಂಚದ ಕೆಳಗ, ಹಾಡು ಮಾತ್ರ ಗೋಡಿ ಮ್ಯಾಲ" ಎಂದು ಬಂದವರಿಗೆಲ್ಲ ಹೇಳುತ್ತಾನೆ. ಹೇಳುವಾಗ ಅವನ ಮುಖದಲ್ಲಿ ಸಿಟ್ಟು ಇರುವುದಿಲ್ಲ.

ಇದು ಶುರುವಾದದ್ದು ಅವಳು ಕೆಲಸಕ್ಕೆ ಸೇರಿದ ವರ್ಷ. ಬಸ್ ಸ್ಟ್ಯಾಂಡ್ ಎದುರಿನ ಕ್ಯಾಸೆಟ್ ಅಂಗಡಿಯವನು ಮೊಬೈಲ್ ರೀಚಾರ್ಜ್ ಅಂಗಡಿ ಮಾಡಲು ಹೊರಟು, ಹಳೆಯ ಮಾಲನ್ನೆಲ್ಲ ಎರಡು ಚೀಲಕ್ಕೆ ತುಂಬಿ ಚರಂಡಿ ಪಕ್ಕ ಇಟ್ಟಿದ್ದ. ದುರ್ಗಾ ಡ್ಯೂಟಿ ಮುಗಿಸಿ ಬರುವಾಗ ನೋಡಿದಳು. ಚಿಕ್ಕಂದಿನಲ್ಲಿ ಸಂಡೂರಿನಲ್ಲಿ ಪಕ್ಕದ ಮನೆಯ ಟೇಪ್ ರೆಕಾರ್ಡರ್ ಕೇಳಲು ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದವಳು ಅವಳು. ಎರಡು ಚೀಲವನ್ನೂ ಆಟೋಗೆ ಹಾಕಿಸಿಕೊಂಡು ಮನೆಗೆ ತಂದಳು. ಅಂದಿನಿಂದ ಯಾವ ರೂಟಿಗೆ ಹಾಕಿದರೂ ಅವಳದು ತಕರಾರಿಲ್ಲ. ಕೊನೆಯ ನಿಲ್ದಾಣದಲ್ಲಿ ಬಸ್ಸು ತಿರುಗುವವರೆಗಿನ ಇಪ್ಪತ್ತು ನಿಮಿಷ ಡ್ರೈವರ್ ಚಹಾಕ್ಕೆ ಹೋದರೆ ಇವಳು ಗುಜರಿ ಅಂಗಡಿಗೆ ಹೋಗುತ್ತಾಳೆ.

ಈ ವರ್ಷದ ಮಳೆಗಾಲ ಅವಳಿಗೆ ಸುಗ್ಗಿಯೇ ಆಯಿತು. ಜೂನ್‌ನಲ್ಲಿ ಯಶವಂತನಗರದ ಗಣಿ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಒಂದು ಕುಟುಂಬ ಹನ್ನೆರಡು ತಟ್ಟೆಗಳನ್ನು ಕೊಟ್ಟಿತು. ಒಂದರ ಕವರಿನ ಮೇಲೆ ಶಹನಾಯಿ ಹಿಡಿದವನ ಚಿತ್ರವಿತ್ತು. ಹಾಕಿದರೆ ಒಬ್ಬ ಗಂಡಸು ಇಂಗ್ಲಿಷ್ ಪಾಠ ಹೇಳತೊಡಗಿದ. ಹುಲಿಗೇಶ್‌ಗೆ ಅದೇ ಇಷ್ಟವಾಗಿ, ವಾರವಿಡೀ ಹೆಂಡತಿಗೆ "ಪ್ಲೀಸ್ ಸಿಟ್ ಡೌನ್" ಎನ್ನುತ್ತ ಓಡಾಡಿದ. ಆಮೇಲೆ ಹಂಪಿಯ ಒಂದು ಗೆಸ್ಟ್‌ಹೌಸಿನವರು, ಎಂದೋ ವಿದೇಶಿಯರು ಬಿಟ್ಟುಹೋದ ಡಬ್ಬಿಯೊಂದನ್ನು ಕೊಟ್ಟರು. ಅದರ ಒಂದು ಕ್ಯಾಸೆಟ್ಟಿನಲ್ಲಿ ಹಾಡೇ ಇರಲಿಲ್ಲ. ಬರೀ ಹಂಪಿ ಬಜಾರಿನ ಗದ್ದಲ, ಯಾರೋ ಎಳನೀರು ಕೊಚ್ಚುವ ಸದ್ದು, ಹೆಂಗಸೊಬ್ಬಳು ಮಗನನ್ನು ಬೈಯುವುದು. ಈಗ ಅಲ್ಲಿ ಆ ಅಂಗಡಿಗಳಿಲ್ಲ. ದುರ್ಗಾ ಅದನ್ನು ಎರಡು ಸಲ ಪೂರ್ತಿ ಕೇಳಿದಳು.

ಜುಲೈ ಮೊದಲ ವಾರ ಕಂಪ್ಲಿಯ ಗುಜರಿ ರಾಯಣ್ಣ ಫೋನ್ ಮಾಡಿ, "ಅಕ್ಕಾ, ಒಂದು ಚೀಲ ಬಂದೈತ್ರಿ ನಿಮ್ಮ ಮಾಲು" ಎಂದ. ಚೀಲದಲ್ಲಿ ಹೆಚ್ಚಿನವು ಬೂಷ್ಟು ಹಿಡಿದಿದ್ದವು. ಒಂದು ಮಾತ್ರ ಸ್ವಚ್ಛವಾಗಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ‘ಹುಸೇನಮ್ಮ, ನಾಟಿ ಪದ, ೧೯೯೧’ ಎಂದು ಬರೆದಿತ್ತು.

ಮನೆಗೆ ಬಂದು ಟೇಪಿಗೆ ಹಾಕಿದಾಗ ಹುಲಿಗೇಶ್ ಕೂಡ ಊಟದ ತಟ್ಟೆ ಕೆಳಗಿಟ್ಟ. ವಾದ್ಯವಿಲ್ಲ, ತಾಳವಿಲ್ಲ. ಒಬ್ಬ ಹೆಂಗಸಿನ ದನಿ, ಹಿಂದೆ ನೀರಿನ ಸದ್ದು.

"ಹೊಳಿ ತುಂಬಿ ಬಂದೈತಿ, ತವರೂರು ದೂರೈತಿ,
ಹರಗೋಲ ಹಾಕೊ ಅಂಬೀಗ..."

ತವರಿಗೆ ಹೊರಟ ಹುಡುಗಿಯ ಕತೆ ಅದು. ತುಂಬಿದ ಹೊಳೆ ದಾಟಿಸು ಎಂದು ಅಂಬಿಗನನ್ನು ಬೇಡುತ್ತಾಳೆ. ಅವನು ಏನು ಕೊಡುತ್ತೀ ಎನ್ನುತ್ತಾನೆ. ಬಳೆ ಕೊಡುತ್ತಾಳೆ, ಕಾಲುಂಗುರ ಕೊಡುತ್ತಾಳೆ. ಹರಿಗೋಲು ನಡುಹೊಳೆಗೆ ಬಂದಾಗ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ಇನ್ನೂ ಏನೋ ಕೇಳಲು ಬಾಯಿ ತೆರೆಯುತ್ತಾನೆ. ಅಲ್ಲಿಗೆ ಟಕ್ಕೆಂದು ಟೇಪು ನಿಂತಿತು.

"ಮುಂದ?" ಎಂದ ಹುಲಿಗೇಶ್.

ಮುಂದೆ ಇರಲಿಲ್ಲ, ಕ್ಯಾಸೆಟ್ಟಿನ ಎರಡೂ ಬದಿ ಮುಗಿದಿದ್ದವು. ದುರ್ಗಾ ಅದನ್ನು ಫೋನಿಗೆ ಇಳಿಸಿಕೊಂಡಳು. ಮರುದಿನದಿಂದ ಕಂಪ್ಲಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಟಿಕೆಟ್ ಹರಿದು ಕೊಡುತ್ತ, ವಯಸ್ಸಾದವರು ಸಿಕ್ಕರೆ ಫೋನನ್ನು ಅವರ ಕಿವಿಗೆ ಹಿಡಿದು ಈ ಹುಸೇನಮ್ಮ ಯಾರು ಎಂದು ಕೇಳುವುದೇ ಕೆಲಸವಾಯಿತು. ಕೆಲವರು ನಕ್ಕರು. ಕೆಲವರು ಕಂಡಕ್ಟರಮ್ಮನಿಗೆ ಏನಾಯಿತು ಎಂಬಂತೆ ನೋಡಿದರು. ಒಂಬತ್ತನೇ ದಿನ, ಹೊಸಪೇಟೆ ಮಾರ್ಕೆಟ್ಟಿಗೆ ಸೊಪ್ಪು ತರುವ ಶಾಂತಕ್ಕ ಎರಡು ಸಾಲು ಕೇಳಿದ್ದೇ, "ಇದು ನಮ್ಮ ಹುಸೇನಕ್ಕನ ದನಿ ಅಲ್ಲೇನ್ರಿ! ನಮ್ಮ ಕ್ಯಾಂಪಿನ್ಯಾಗ ಅದಾಳ. ಭತ್ತ ನಾಟಿ ಮಾಡೋ ಗುಂಪು ಕಟ್ಟಿದಾಕಿನ ಆಕಿ" ಎಂದಳು.

ವಾರದ ರಜೆಯ ದಿನ ದುರ್ಗಾ ಕಾಲುವೆ ಪಕ್ಕದ ಸಣ್ಣ ಊರಾದ ಆ ಕ್ಯಾಂಪಿಗೆ ಹೋದಳು. ಹುಸೇನಮ್ಮನಿಗೆ ಎಪ್ಪತ್ತು ಹತ್ತಿರ. ತಗಡಿನ ಮನೆಯ ಮುಂದೆ ಕೂತು ಕಾಲಿನ ಕೆಸರು ತೊಳೆಯುತ್ತಿದ್ದಳು. ಫೋನಿನಲ್ಲಿ ತನ್ನ ದನಿ ಕೇಳಿದಾಗ ಚೊಂಬು ಹಿಡಿದ ಕೈ ಹಾಗೆಯೇ ನಿಂತಿತು.

"ಹೌದು, ನಾನ. ಯಾವುದೋ ಕಾಲೇಜಿನಾವ ಬಂದಿದ್ದ. ಬದುವಿನ ಮ್ಯಾಲ ಮಿಷಿನ್ ಇಟಗೊಂಡು ಕುಂತ. ಮುಂದಿನ ವಾರ ರೀಲು ತಂದು ಕೊಡ್ತೀನಿ ಯವ್ವಾ ಅಂದು ಹೋದಾವ, ಮೂವತ್ತು ವರ್ಷ ಆತು ನೋಡು." ಆಮೇಲೆ ದುರ್ಗಾಳನ್ನು ದಿಟ್ಟಿಸಿ ಕೇಳಿದಳು, "ನಿನಗ ಎಲ್ಲಿ ಸಿಕ್ತು?"

"ಗುಜರಿ ಅಂಗಡ್ಯಾಗ್ರಿ. ಚೀಲದಾಗ ತೂಕಕ್ಕ ಬಂದಿತ್ತು."

"ತೂಕಕ್ಕ! ನನ್ನ ದನಿ ಕಬ್ಬಿಣದ ಜೋಡಿ ತೂಗ್ಯಾರೇನು?" ಹುಸೇನಮ್ಮ ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿದಳು. "ಕೊಡು ಅದನ್ನ. ಅದು ನಂದು."

ದುರ್ಗಾ ಕಾಪಿ ಮಾಡಿಕೊಡುತ್ತೇನೆ, ಮೊಮ್ಮಕ್ಕಳ ಮೊಬೈಲಿಗೆ ಹಾಕಿಕೊಡುತ್ತೇನೆ ಎಂದಳು. ಮುದುಕಿ ಒಪ್ಪಲಿಲ್ಲ. "ಅವ ಕೊಡ್ತೀನಂದಿದ್ದು ರೀಲು. ನನಗ ರೀಲ ಬೇಕು." ಕ್ಯಾಸೆಟ್ಟು ಬ್ಯಾಗಿನಲ್ಲೇ ಇತ್ತು. ದುರ್ಗಾ ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಮನೆಯಲ್ಲಿದೆ, ಮುಂದಿನ ವಾರ ತರುತ್ತೇನೆ ಎಂದು ಸುಳ್ಳು ಹೇಳಿ ಎದ್ದು ಬಂದಳು.

ಅವಳು ಜೀವನದಲ್ಲಿ ಒಂದು ಕ್ಯಾಸೆಟ್ಟನ್ನೂ ಯಾರಿಗೂ ಕೊಟ್ಟವಳಲ್ಲ. ಕೇಳಿ ವಾಪಸ್ ಕೊಡುತ್ತೇನೆ ಎಂದವರಿಗೂ ಕೊಟ್ಟಿಲ್ಲ. ಆದರೆ ಆ ವಾರ ಅವಳಿಗೆ ಬಸ್ಸಿನಲ್ಲಿ ನಿಂತರೂ ಕೂತರೂ ಸಮಾಧಾನವಿರಲಿಲ್ಲ. ಮುಂದಿನ ವಾರ ತರುತ್ತೇನೆ ಎಂದು ಹೇಳಿ ಹೋದವರಲ್ಲಿ ತಾನು ಎರಡನೆಯವಳು ಎಂಬುದು ಮನಸ್ಸನ್ನು ಕೊರೆಯುತ್ತಿತ್ತು. ಗಂಡನಿಗೆ ಹೇಳಿದಾಗ ಅವನು ಗೋಡೆಯ ಅಟ್ಟದ ಕಡೆ ನೋಡಿ ಅಂದ, "ನಿನ್ನ ಹತ್ರ ಎಷ್ಟೊಂದು ಅದಾವು. ಆಕಿ ಹತ್ರ ಅದೊಂದ. ಅದೂ ಇಲ್ಲ."

ಮುಂದಿನ ರಜೆಗೆ ದುರ್ಗಾ ಕ್ಯಾಸೆಟ್ಟಿನ ಜೊತೆಗೆ ಒಂದು ಟೇಪ್ ರೆಕಾರ್ಡರನ್ನೂ ಹೊತ್ತುಕೊಂಡು ಕ್ಯಾಂಪಿಗೆ ಹೋದಳು. ಮನೆಗೆ ಬೀಗ ಹಾಕಿತ್ತು. ಕಾಲುವೆಯಾಚೆಯ ಗದ್ದೆಯಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಸಸಿ ನೆಡುತ್ತಿದ್ದರು. ದುರ್ಗಾ ಬದುವಿನ ಮೇಲೆ ನಿಂತು ಎರಡನ್ನೂ ಎತ್ತಿ ತೋರಿಸಿದಳು.

"ತಂದೇನು? ಅಲ್ಲೇ ಇಡು, ನೆರಳಾಗ" ಎಂದಳು ಹುಸೇನಮ್ಮ, ಬೆನ್ನು ಎತ್ತದೆ.

"ಅಮ್ಮಾ, ಒಂದು ಮಾತು ಕೇಳ್ತೀನ್ರಿ. ಆ ಹುಡುಗಿ ಹೊಳಿ ದಾಟ್ಯಾಳೋ ಇಲ್ಲೋ?"

ಸಾಲಿನ ಹೆಂಗಸರೆಲ್ಲ ನಕ್ಕರು. "ಬದುವಿನ ಮ್ಯಾಲಿನವರಿಗೆ ಈ ಪದದ ಕೊನಿ ಹೇಳಂಗಿಲ್ಲ. ಇಳಿ ಗದ್ದಿಗೆ" ಎಂದಳು ಹುಸೇನಮ್ಮ.

ದುರ್ಗಾ ಫೋನನ್ನು ಚಪ್ಪಲಿಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ಕೆಸರಿಗೆ ಇಳಿದಳು. ಶಾಂತಕ್ಕನ ಸೊಸೆ ಪಂಪಾವತಿ ಸಸಿಯ ಕಟ್ಟೊಂದನ್ನು ಕೈಗಿಟ್ಟು ಹೆಬ್ಬೆರಳಿನಿಂದ ಒತ್ತುವುದನ್ನು ತೋರಿಸಿದಳು. ಪದ ಮೊದಲಿನಿಂದ ಶುರುವಾಯಿತು. ಹುಸೇನಮ್ಮ ಒಂದು ಸಾಲು ಹೇಳಿದರೆ ಉಳಿದವರು ಅದನ್ನು ಎತ್ತಿಕೊಳ್ಳುವರು, ಅಷ್ಟರಲ್ಲಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುವರು. ಹರಿಗೋಲು ನಡುಹೊಳೆಗೆ ಬಂತು. ಅಂಬಿಗ ಮೂಗುತಿ ಕೇಳಿದ, ಕೊಡಲಿಲ್ಲ. ಸೊಂಟದ ಬೆಳ್ಳಿಯ ಡಾಬು ಕೇಳಿದ, ಅವಳು ಅವನ ತಾಯಿಯನ್ನು ನೆನೆಸಿ ಬೈದಳು. ಅವನು ಹುಟ್ಟು ನೀರಿಗೆ ಬಿಟ್ಟ. ಹರಿಗೋಲು ಬುಗುರಿಯಂತೆ ತಿರುಗಿತು. ಬಿಸಿಲು ನೆತ್ತಿಗೆ ಬಂದರೂ ಅವರು ಹೊಳೆಯಲ್ಲೇ ಇದ್ದರು. ದುರ್ಗಾಳ ಸೊಂಟ ಸೀಳಿ ಹೋಗುವಂತಿತ್ತು.

"ಇನ್ನ ಎಷ್ಟೈತ್ರಿ ಪದ?" ಎಂದು ಪಂಪಾವತಿಯನ್ನು ಕೇಳಿದಳು.

"ಗದ್ದಿ ಎಷ್ಟೈತಿ ಅಷ್ಟು. ಸಣ್ಣ ಗದ್ದಿ ಇದ್ರ ಹುಡುಗಿ ಜಲ್ದಿ ದಾಟ್ತಾಳ. ಗದ್ದಿ ಧಣಿ ಕೆಟ್ಟಾವ ಇದ್ರ ಅಂಬಿಗನ್ನ ಮುಳುಗಿಸಿಬಿಡ್ತೀವಿ."

ದುರ್ಗಾಗೆ ಆಗ ಗೊತ್ತಾಯಿತು. ಅಂದು ಮುಗಿದದ್ದು ಪದವಲ್ಲ, ರೀಲು. ಇಡೀ ಗದ್ದೆಯಷ್ಟು ಉದ್ದದ ಪದ ಯಾವ ರೀಲಿನಲ್ಲೂ ಹಿಡಿಯುವಂಥದ್ದಲ್ಲ. ಕೊನೆಯ ಸಾಲಿನ ಸಸಿ ಊರುವಾಗ ಹುಡುಗಿ ದಡಕ್ಕೆ ಕಾಲಿಟ್ಟಳು. ಅಂಬಿಗನಿಗೆ ಬಳೆ, ಕಾಲುಂಗುರ ವಾಪಸ್ ಕೊಡುವ ಬುದ್ಧಿ ಬಂತು. ಈ ಗದ್ದೆಯ ಧಣಿ ಬಿಸಿಲೇರಿದಾಗ ಎಲ್ಲರಿಗೂ ಮಜ್ಜಿಗೆ ಕಳಿಸಿದ್ದ, ಅದಕ್ಕೆ.

ಊಟಕ್ಕೆ ಬೇವಿನ ಮರದ ಕೆಳಗೆ ಕೂತಾಗ ಟೇಪ್ ಹಾಕಿದರು. ಮೂವತ್ತೈದರ ಹುಸೇನಮ್ಮನ ದನಿ ಕೇಳಿ ಗುಂಪಿನವರು ರೊಟ್ಟಿ ಕೈಯಲ್ಲೇ ಹಿಡಿದು ಟೇಪಿನತ್ತ ಬಗ್ಗಿದರು. ಎಪ್ಪತ್ತರ ಹುಸೇನಮ್ಮ ಮಾತ್ರ, "ಅಯ್ಯ, ಅಲ್ಲಿ ಉಸಿರು ತಪ್ಪೀನಿ ನೋಡ್ರಿ. ಈಗ ತಪ್ಪಂಗಿಲ್ಲ" ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ರೊಟ್ಟಿ ಮುರಿದಳು.

ಟೇಪು, ಕ್ಯಾಸೆಟ್ಟು ಎರಡನ್ನೂ ಅಲ್ಲೇ ಬಿಟ್ಟು ಬಂದ ದುರ್ಗಾ ಸೊಂಟದ ನೋವಿಗೆ ಎರಡು ದಿನ ರಜೆ ಹಾಕಿದಳು. ಹುಲಿಗೇಶ್ ಎಣ್ಣೆ ಕಾಯಿಸಿ ಹಚ್ಚಿದ. ಪದವನ್ನೇಕೆ ರೆಕಾರ್ಡ್ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, "ಕೈತುಂಬ ಕೆಸರಿತ್ತು" ಎಂದಳು.

ಒಂದು ತಿಂಗಳಾದ ಮೇಲೆ ಶಾಂತಕ್ಕ ಬಸ್ಸು ಹತ್ತಿ ಸೊಪ್ಪಿನ ಗಂಟು ಇಳಿಸುತ್ತಲೇ ಹೇಳಿದಳು, "ಹುಸೇನಕ್ಕ ಕರೆದಾಳ್ರಿ. ದಿನಾ ಹಾಕಿ ಹಾಕಿ ರೀಲು ಸಿಕ್ಕೊಂಡೈತಂತ." ದುರ್ಗಾ ಹೋಗಿ, ಟೇಪಿನ ಬಾಯಲ್ಲಿ ಸಿಕ್ಕ ರೀಲನ್ನು ನಿಧಾನವಾಗಿ ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತಿಕೊಟ್ಟಳು. ಸ್ವಲ್ಪ ಮುದುರಿದ್ದರೂ ಹಾಡಿತು. ಹುಸೇನಮ್ಮ ಪಕ್ಕದಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದಳು. ದುರ್ಗಾ ಹೊರಡಲು ಎದ್ದಾಗ ಹೇಳಿದಳು:

"ಆ ಪೆನ್ಸಿಲ್ ಇಲ್ಲೇ ಬಿಟ್ಟು ಹೋಗು."