ಕುಕ್ಕದ ಕೋಳಿಗಳು

ಆ ಕಾಲಕ್ಕೆ ನಮ್ಮ ಕಡೆ ಕೋಳಿ ಇಲ್ಲದ ಹಿತ್ತಲೇ ಇರಲಿಲ್ಲ. ಹುಣಸೂರಿನಿಂದ ಕೋಟೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದ ಊರು ನಮ್ಮದು. ಸುತ್ತ ರಾಗಿ, ಹೊಗೆಸೊಪ್ಪು, ನಡುನಡುವೆ ಸೊಪ್ಪು ಬೇಯಿಸುವ ಬ್ಯಾರನ್ನುಗಳು. ಕೋಳಿ ಕೊಳ್ಳುವವರು ಕಾಲು ಹಿಡಿದೆತ್ತಿ ತೂಕ ನೋಡುತ್ತಿದ್ದರು, ಮೊಟ್ಟೆ ಚೆನ್ನಾಗಿ ಇಡುತ್ತದಾ ಎಂದು ಕೇಳುತ್ತಿದ್ದರು. ಕೋಳಿಯ ಗುಣ ವಿಚಾರಿಸಿಕೊಂಡು ಹೋದವರು ಊರಿಗೆಲ್ಲ ನಾವೊಬ್ಬರೇ. ಅದು ನಮ್ಮ ಅಕ್ಕ ಜಯಿಯ ಸಲುವಾಗಿ.

ಜಯಿ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಹುಟ್ಟುವ ಮೊದಲೇ ಅವಳಿಗೆ ಮೆದುಳು ಜ್ವರ ಬಂದಿತ್ತಂತೆ. ಜ್ವರ ಹೋಗುವಾಗ ಅವಳ ಕಾಲಿನ ಬಲವನ್ನೂ ಮಾತನ್ನೂ ತೆಗೆದುಕೊಂಡೇ ಹೋಯಿತು. ಆಗಾಗ ಫಿಟ್ಸ್ ಬರುತ್ತಿತ್ತು. ನನಗೆ ಹತ್ತು ತುಂಬಿದಾಗಲೂ ಅವ್ವ ಅವಳನ್ನು ಸೊಂಟದ ಮೇಲೆ ಹೊತ್ತು ತಂದು, ಹಿತ್ತಲಿನ ನುಗ್ಗೆಮರದ ಕೆಳಗೆ ಗೋಣಿಚೀಲ ಹಾಸಿ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಅಜ್ಜಿ ಅಲ್ಲೇ ಅವರೆಕಾಯಿಯನ್ನೋ ಹುಣಸೆಯನ್ನೋ ಮುಂದಿಟ್ಟುಕೊಂಡು ಅವಳನ್ನು ನೋಡಿಕೊಳ್ಳುತ್ತಿದ್ದಳು.

ಅಪ್ಪ ಮುದ್ದಿನಿಂದ ಸಾಕಿದ ಕೆಂಪು ಹುಂಜವೊಂದಿತ್ತು. ಒಂದು ಮಧ್ಯಾಹ್ನ ಜಯಿಯ ಗಲ್ಲಕ್ಕೆ ಅಂಟಿದ್ದ ಮುದ್ದೆಯ ಚೂರಿಗೋ ಏನೋ, ಅದು ಹಾರಿ ಅವಳ ಮುಖಕ್ಕೆ ಎರಗಿತು. ಬೇರೆ ಮಕ್ಕಳಾಗಿದ್ದರೆ ಓಡುತ್ತಿದ್ದರು. ಇವಳಿಗೆ ಕೈ ಅಡ್ಡ ಹಿಡಿಯುವುದಕ್ಕೂ ಹೊತ್ತು ಬೇಕು. ಅಜ್ಜಿ ಕಡ್ಡಿಪೊರಕೆ ಎತ್ತಿಕೊಂಡು ಬರುವಷ್ಟರಲ್ಲಿ ಕಣ್ಣಿನ ಕೆಳಗೆ ಹರಿದಿತ್ತು. ಗಾಯ ಇನ್ನೊಂದು ಕೂದಲೆಳೆ ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಅಪ್ಪ ಸಂಜೆ ಬಂದು ನೋಡಿದವನೇ ಹುಂಜವನ್ನು ಹಿಡಿದು ಕುಯ್ದ.

"ಇನ್ನು ಈ ಹಿತ್ಲಲ್ಲಿ ಕೋಳಿನೇ ಬ್ಯಾಡ ಬುಡು," ಎಂದಳು ಅಜ್ಜಿ.

ಅವ್ವ ಒಪ್ಪಲಿಲ್ಲ. "ಅಂಗಂದ್ರೆ ಎಂಗೆ, ಅತ್ತೆ? ಕೂಸು ವೊತ್ತಾರೆಯಿಂದ ಗ್ವಾಡೆ ನೋಡ್ಕಂಡು ಕೂತಿರ್ಬೇಕಾ? ಅದ್ರ ತಾವ ಬಂದು ಕೂತ್ಕಳೋರು ಯಾರವ್ರೆ? ಕುಕ್ಕದೇ ಇರೋ ಕೋಳಿ ಇರಾಕಿಲ್ವಾ ಲೋಕ್ದಲ್ಲಿ?"

ಅಜ್ಜಿ ಜಯಿಯ ಗಾಯಕ್ಕೆ ಅರಿಸಿನ ಹಚ್ಚಿ ಮುಗಿಸಿದಳು. ಆಮೇಲೆ, "ಅವೆ. ನೋಡಿ ತರ್ಬೇಕು," ಎಂದಳು.

ಸರಗೂರಿನ ಸಂತೆಗೆ ಅಜ್ಜಿಯ ಜೊತೆ ನಾನೂ ಹೋದೆ. ಕೋಳಿ ಮಾರುವ ಹೆಂಗಸರು ಸಾಲಾಗಿ ಮಂಕರಿ ಇಟ್ಟುಕೊಂಡು ಕೂತಿದ್ದರು. ಅಜ್ಜಿ ಯಾವ ಕೋಳಿಯ ತೂಕವನ್ನೂ ನೋಡಲಿಲ್ಲ. ಮಂಕರಿಯೊಳಗೆ ಕೈ ಇಟ್ಟು ಹಾಗೇ ಬಿಡುತ್ತಿದ್ದಳು. ಕುಕ್ಕಿದ್ದನ್ನು ಬಿಟ್ಟಳು. ಹೆದರಿ ರೆಕ್ಕೆ ಬಡಿದದ್ದನ್ನೂ ಬಿಟ್ಟಳು. "ಎದ್ರಿದ್ದೂ ಒಂದಿನ ಕುಕ್ತದೆ," ಎಂದು ನನಗೆ ಹೇಳಿದಳು. ಕೊನೆಗೆ ಒಂದು ಬೂದಿಬಣ್ಣದ ಹೇಂಟೆ ಅವಳ ಬೆರಳನ್ನು ಮೂಸಿದಂತೆ ಮಾಡಿ ಸುಮ್ಮನಾಯಿತು. ಅಜ್ಜಿ ಅದನ್ನು ಎತ್ತಿ, ಅಂಗಾತ ಮಲಗಿಸಿ, ಎದೆಯ ಮೇಲೆ ಅಂಗೈ ಇಟ್ಟಳು. ಅದು ಕಣ್ಣು ಮುಚ್ಚಿಕೊಂಡಿತು.

"ಏನಜ್ಜಿ, ಸೊಸೆ ತರೋಕ್ ಬಂದಂಗೆ ನೋಡ್ತೀಯಲ್ಲ," ಎಂದು ಮಾರುವವಳು ನಕ್ಕಳು.

"ಸೊಸೆ ತರುವಾಗ ಇಷ್ಟ್ ನೋಡ್ನಿಲ್ಲ ಕಣವ್ವ."

ಆ ಬೂದಿಯ ಜೊತೆಗೆ ಕತ್ತಿನಲ್ಲಿ ಪುಕ್ಕವಿಲ್ಲದ ಇನ್ನೊಂದು ಹೇಂಟೆ ಬಂತು. ಹುಣಸೂರಿನಿಂದ ಅಪ್ಪ ಎರಡು ಗಿರಿರಾಜ ತಂದ. ಮೈಭಾರಕ್ಕೆ ಬೇಲಿ ಹಾರಲಾರದ, ಸಿಟ್ಟೇ ಗೊತ್ತಿಲ್ಲದ ಜಾತಿ ಅದು. ಹುಂಜ ಮಾತ್ರ ಬೇಡವೆಂದು ಅಜ್ಜಿ ಹಟ ಹಿಡಿದಳು. "ಉಂಜ ಇಲ್ದೆ ನಿಮ್ಮನೇಲಿ ಬೆಳಗಾಯ್ತದಾ?" ಎಂದು ಪಕ್ಕದ ಮನೆಯವರು ಆಡಿಕೊಂಡರು. ಬೆಳಗಾಗುತ್ತಿತ್ತು.

ಆ ಸೊಪ್ಪಿನ ಕಾಲ ನನ್ನ ಮೂಗಿನಲ್ಲಿ ಇನ್ನೂ ಇದೆ. ಬ್ಯಾರನ್ನಿನಲ್ಲಿ ಬೇಯುವ ಹೊಗೆಸೊಪ್ಪಿನ ಸಿಹಿ ಬೆರೆತ ಖಾರ ವಾಸನೆ, ನೆನೆಸಿದ ತೌಡಿನ ಹುಳಿ, ಮಳೆಯಲ್ಲಿ ತೊಯ್ದ ಪುಕ್ಕದ ನಾತ. ಶಾಲೆ ಬಿಟ್ಟ ಮೇಲೆ ನಾನು ನೆಲದ ಮೇಲೆ ಚೌಕಾಬಾರದ ಮನೆ ಬರೆದು ಅಕ್ಕನ ಪಾಲಿಗೂ ನಾನೇ ಕವಡೆ ಹಾಕುತ್ತಿದ್ದೆ. ಗಿರಿರಾಜ ಬಂದು ಆಟದ ನಡುವೆಯೇ ಕೂತುಬಿಡುತ್ತಿತ್ತು. ಅಜ್ಜಿ ಕಬ್ಬಿಣದ ಸೌಟಿನಲ್ಲಿ ಎಣ್ಣೆ ಕಾಯಿಸಿ, ಮೊಟ್ಟೆ ಒಡೆದು ಹಾಕಿ, ಮೆಣಸಿನಪುಡಿ ಉದುರಿಸಿ ಮೊದಲ ತುತ್ತು ಅಕ್ಕನಿಗೆ ಕೊಡುತ್ತಿದ್ದಳು.

ಮೊದಮೊದಲು ಜಯಿ ಕೋಳಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಅಜ್ಜಿ ದಿನವೂ ಅವಳ ಅಂಗೈ ಬಿಡಿಸಿ ರಾಗಿ ಇಟ್ಟು, ಕೆಳಗೆ ತನ್ನ ಕೈ ಕೊಟ್ಟು ಹಿಡಿದಿರುತ್ತಿದ್ದಳು. ಬೂದಿ ಬಂದು ಒಂದೊಂದೇ ಕಾಳು ಹೆಕ್ಕುತ್ತಿತ್ತು. ಹೊಗೆಸೊಪ್ಪು ಮುಗಿದು ರಾಗಿ ಕೊಯ್ಲು ಬರುವ ವೇಳೆಗೆ ಅಜ್ಜಿಯ ಕೈ ಬೇಕಾಗಲಿಲ್ಲ. ಬೂದಿ ಅವಳ ಮಡಿಲಲ್ಲೇ ಮಲಗುತ್ತಿತ್ತು. ಒಂದು ಬೆಳಿಗ್ಗೆ ನಾವೆಲ್ಲ ಒಳಗಿದ್ದಾಗ ಹಿತ್ತಲಿನಿಂದ "ಬೋ... ಬೋ... ಬೋ..." ಎಂದು ಕೇಳಿತು. ಅವ್ವ ಕೈಯಲ್ಲಿದ್ದ ಮುದ್ದೆಕೋಲನ್ನು ಹಿಡಿದುಕೊಂಡೇ ಓಡಿದಳು. ಜಯಿ ಕೋಳಿ ಕರೆಯುತ್ತಿದ್ದಳು. ಜ್ವರ ಬಂದು ಹೋದ ಮೇಲೆ ಅವಳಾಡಿದ ಮೊದಲ ಮಾತು ಅದು, ಆಗ ಅವಳಿಗೆ ಹದಿನಾಲ್ಕು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ಕೂತಳು.

ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಊರಿಗೆ ಕೋಳಿರೋಗ ಬಂತು. ಮೊದಲು ಮೇಲಿನ ಬೀದಿಯಲ್ಲಿ. ಕೋಳಿಗಳು ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು, ಹಸುರು ಹಿಕ್ಕೆ ಹಾಕುತ್ತಾ ನಿಂತಲ್ಲೇ ಬೀಳುತ್ತಿದ್ದವು. ತಿಪ್ಪೆಯ ಮೇಲೆ ಪುಕ್ಕದ ರಾಶಿ, ಅದಕ್ಕೆ ನಾಯಿಗಳ ಜಗಳ. ಅಪ್ಪ ಸೈಕಲ್ ತುಳಿದು ದನದ ಆಸ್ಪತ್ರೆಗೆ ಹೋಗಿ ಬಂದ. ರೋಗ ಊರೊಳಕ್ಕೆ ಬಂದ ಮೇಲೆ ಸೂಜಿ ಹಾಕಿ ಪ್ರಯೋಜನವಿಲ್ಲ ಎಂದರಂತೆ.

ಮಾರನೆಯ ಬೆಳಿಗ್ಗೆ ಬೂದಿಯ ಕತ್ತು ತಿರುಚಿಕೊಂಡಿತ್ತು. ಕಾಳು ಹೆಕ್ಕಲು ಹೋಗಿ ಬೇರೆಲ್ಲೋ ಕುಕ್ಕುತ್ತಿತ್ತು. ಅಕ್ಕ ಅದನ್ನು ನೋಡಿ ನಕ್ಕಳು. ಆಟ ಅಂದುಕೊಂಡಿರಬೇಕು. ಅಜ್ಜಿ ಅದನ್ನು ಒಯ್ದು ಕೊಟ್ಟಿಗೆಯ ಮೂಲೆಯಲ್ಲಿ ಮಂಕರಿ ಕವುಚಿದಳು. ಮಧ್ಯಾಹ್ನಕ್ಕೆ ಅದು ಸತ್ತಿತ್ತು.

"ಉಳಿದವ್ನ ಇವತ್ತೇ ಕುಯ್ದ್‌ಬುಡವ," ಎಂದ ಅಪ್ಪ. "ನಾಳೀಕೆ ಅವೂ ಅಂಗೇ ಆಯ್ತವೆ. ಕೂಸಿನ ಕಣ್ಮುಂದೇನೇ ಒದ್ದಾಡ್ಕಂಡು ಸಾಯ್ತವೆ."

"ಇವತ್ತೊಂದಿನ ತಡೀರಿ," ಎಂದಳು ಅವ್ವ.

"ತಡುದ್ರೆ ರೋಗ ತಡೀತದಾ?"

ಅವ್ವ ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಕೋಳಿಗಳು ಬಿಸಿಲಿಗೆ ಬೇಲಿಯ ಪೊದೆಯೊಳಗೆ ಸೇರಿಕೊಂಡಿದ್ದವು. ಅಪ್ಪ ಬಗ್ಗಿ ಕರೆದ. ಒಂದು ದಿನವೂ ಅವಕ್ಕೆ ಕಾಳು ಹಾಕಿದವನಲ್ಲ, ಅವನ ದನಿಗೆ ಅವು ಬರಲಿಲ್ಲ. ಕೋಲು ಹಾಕಿದರೆ ಇನ್ನೂ ಒಳಕ್ಕೆ ಹೋದವು. ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಎದ್ದು ನಿಂತವನು ಅಕ್ಕನ ಕಡೆ ನೋಡಿದ.

"ಬ್ಯಾಡ ಕಣ್ಲಾ ಮಗ," ಎಂದಳು ಅಜ್ಜಿ. ಅವನು ಏನು ಮಾಡಲು ಹೊರಟಿದ್ದಾನೆಂದು ಅವಳಿಗೆ ತಿಳಿದುಹೋಗಿತ್ತು.

ಅಪ್ಪ ಜಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಅಂಗೈಗೆ ರಾಗಿ ಸುರಿದ. "ಕೋಳಿ ಕರಿ ಮಗ. ನೀ ಕರುದ್ರೆ ಬತ್ತವೆ."

ಅವಳ ಮುಖವನ್ನು ನಾನು ಬಾಗಿಲಿನಿಂದ ನೋಡಿದೆ. ಅಲ್ಲಿಯವರೆಗೆ ಅವಳಿಗೆ ಉಣಿಸಿದವರು, ಹೊತ್ತವರು, ತೊಳೆದವರು ಇದ್ದರು. ಇದೊಂದು ಮಾಡಿಕೊಡು ಎಂದು ಕೇಳಿದವರು ಯಾರೂ ಇರಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ, ಎಂದಿಗಿಂತ ಜೋರಾಗಿ ಕರೆದಳು. ಮೂರೂ ಬಂದವು. ಗಿರಿರಾಜಗಳು ಮೈ ಓಲಾಡಿಸುತ್ತಾ ಓಡಿಯೇ ಬಂದವು. ಅವಳ ಕೈಯಲ್ಲಿ ತಿನ್ನುತ್ತಿದ್ದಾಗಲೇ ಅಪ್ಪ ಒಂದೊಂದನ್ನೇ ಎತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದ. ಒಂದೂ ಕೂಗಲಿಲ್ಲ. ಯಾರ ಕೈಗೂ ಹೆದರದಂತೆ ನಾವೇ ಬೆಳೆಸಿದ್ದೆವು. ಜಯಿ ಪ್ರತಿ ಸಲವೂ ಅಪ್ಪನನ್ನು ನೋಡಿ ನಗುತ್ತಿದ್ದಳು.

ಆ ಸಂಜೆ ಅಜ್ಜಿ ಸಾರು ಮಾಡಿದಳು. ಮಸಾಲೆಯ ಘಮ ಬೀದಿಯವರೆಗೂ ಹೋಗಿತ್ತು. ಅವ್ವ ತಟ್ಟೆಯನ್ನು ಅತ್ತ ಸರಿಸಿ, ಮಜ್ಜಿಗೆ ಅನ್ನ ಕಲಸಿ ಅಕ್ಕನಿಗೆ ತಿನ್ನಿಸಿದಳು. ಅಪ್ಪ ಪಾತ್ರೆ ಸಮೇತ ಪಕ್ಕದ ಮನೆಗೆ ಕೊಟ್ಟು ಬಂದ.

ಮರುದಿನ ಬೆಳಿಗ್ಗೆ ಜಯಿ ಕರೆದಳು. ಅವ್ವ ಕಾಳು ಎರಚಿದಳು, ಗುಬ್ಬಿಗಳು ಬಂದವು. ಜಯಿ ಗುಬ್ಬಿಗಳ ಕಡೆ ನೋಡಲಿಲ್ಲ, ಕೊಟ್ಟಿಗೆಯ ಹಿಂದಕ್ಕೇ ನೋಡುತ್ತಾ ಕರೆದಳು. ಕೆಲವು ದಿನ ಹೀಗೇ ನಡೆಯಿತು. ಯುಗಾದಿಯ ಹೊತ್ತಿಗೆ ನಿಲ್ಲಿಸಿದಳು. ಮಳೆ ಬಿದ್ದ ಮೇಲೆ ಅಪ್ಪ ಎಲ್ಲಿಂದಲೋ ಎರಡು ಗಿರಿರಾಜ ಪಿಳ್ಳೆ ತಂದು ಅವಳ ಮಡಿಲಲ್ಲಿ ಬಿಟ್ಟ. ಅವಳು ಮುಷ್ಟಿ ಬಿಗಿದುಕೊಂಡಳು. ಅಜ್ಜಿ ಎಷ್ಟು ಪ್ರಯತ್ನಪಟ್ಟರೂ ಆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

ಆಮೇಲೆ ಅವಳ ಬಾಯಿಂದ ಮಾತು ಬರಲಿಲ್ಲ. ಫಿಟ್ಸ್ ಹೆಚ್ಚಾಯಿತು. ಅದು ಹೇಗಿದ್ದರೂ ಹೆಚ್ಚಾಗುತ್ತಿತ್ತು ಎಂದು ಡಾಕ್ಟರು ಹೇಳಿದರು, ಇದ್ದರೂ ಇರಬಹುದು. ನಾನು ಹೈಸ್ಕೂಲಿಗೆ ಸೇರಿದ ವರ್ಷ ಒಂದು ಚಳಿಯ ಬೆಳಿಗ್ಗೆ ಬಂದ ಫಿಟ್ಸ್ ನಿಲ್ಲಲೇ ಇಲ್ಲ. ಹುಣಸೂರಿಗೆ ಹೋಗುವ ದಾರಿಯಲ್ಲಿ, ಅವ್ವನ ತೊಡೆಯ ಮೇಲೆ ಹೋದಳು.

ಅಪ್ಪ ಆ ಕೋಳಿಗಳ ವಿಷಯ ಎತ್ತಿದ್ದು ಒಂದೇ ಸಲ, ನನ್ನ ಮದುವೆಯಾಗಿ ಎಷ್ಟೋ ಕಾಲದ ಮೇಲೆ. "ಆ ಕೂಸಿಗೆ ಅಂತ ಜಲ್ಮದಲ್ಲಿ ಒಂದ್ ಕೆಲ್ಸ ಏಳ್ದೆ ಕಣವ್ವ," ಎಂದ. ಎದ್ದು ಹೊರಗೆ ಹೋದ.

ಈಗ ಊರಲ್ಲಿ ಹಿತ್ತಲುಗಳೇ ಇಲ್ಲ. ಅಲ್ಲೆಲ್ಲ ಸಿಮೆಂಟಿನ ರೂಮು, ನೀರಿನ ತೊಟ್ಟಿ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಜಯಿ ಸತ್ತಾಗ ಬಂದವರೆಲ್ಲ ಅವ್ವನಿಗೆ ನಿನ್ನ ಭಾರ ಇಳಿಯಿತು ಎಂದು ಸಮಾಧಾನ ಹೇಳಿದ್ದರು. ಜಯಿ ಬದುಕಿದ್ದಾಗ ಅವ್ವ ಮಧ್ಯಾಹ್ನವಾಗುತ್ತಿದ್ದಂತೆ ಅವಳಿಗೆ ಉಣಿಸಲೆಂದು ಕೂಲಿಯ ಹೆಂಗಸರ ಸಾಲು ಬಿಟ್ಟು, ಬೈಸಿಕೊಂಡು, ಬದುವಿನ ಮೇಲೆ ಓಡುತ್ತಾ ಮನೆಗೆ ಬರುತ್ತಿದ್ದಳು. ಈಗಲೂ ಹೊಲಕ್ಕೆ ಹೋಗುತ್ತಾಳೆ. ಎಲ್ಲರೂ ಹೊರಟ ಮೇಲೂ ಬದುವಿನಲ್ಲಿ ಕೂತಿರುತ್ತಾಳೆ. ಕತ್ತಲಾಯಿತು ಬಾ ಎಂದರೆ, "ಬತ್ತೀನಿ ಬುಡು, ಯಾಕವ್ಸರ?" ಅನ್ನುತ್ತಾಳೆ.