ಪೊರೆ ಬಿಡುವ ಹೊತ್ತು

ಮಗು ಅತ್ತರೆ ಎತ್ತಿಕೊಳ್ಳಬೇಕು ಅನ್ನುವುದು ಗೊತ್ತಿತ್ತು. ಕೈ ಏಳಲಿಲ್ಲ. ಅಲ್ಲಿಂದ ಶುರುವಾಯಿತು.

ಬಾಣಂತನ ಮುಗಿಸಿ ತವರಿಂದ ದೊಡ್ಡಬೆಳವಂಗಲದ ಅತ್ತೆಮನೆಗೆ ಬಂದಿದ್ದೆ. ಜರ್ಮನಿ ಯುದ್ಧ ಶುರುವಾದ ಮೇಲೆ ಪ್ಯಾರಾಚೂಟಿಗೆಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ; ಮನೆ ತುಂಬ ಹುಳುವಿನ ತಟ್ಟೆಗಳು. ಎಲ್ಲರೂ ಸೊಪ್ಪು ತರುವುದು, ಹೆಚ್ಚುವುದು, ಹುಳುವಿಗೆ ಹಾಕುವುದರಲ್ಲಿ ಮುಳುಗಿದ್ದರೆ ನಾನೊಬ್ಬಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಬಿದ್ದಿರುತ್ತಿದ್ದೆ. ಊಟ ಬೇಡ. ತಲೆ ಬಾಚುವುದೂ ಬೇಡ. ಓರಗಿತ್ತಿ ನಂಜಮ್ಮ ತನ್ನ ಮಗಳಿಗೆ ಹಾಲು ಕುಡಿಸಿ, ನನ್ನ ಮಗನಿಗೂ ಕುಡಿಸಿ, ಆಮೇಲೆ ಹುಳು ನೋಡಲು ಓಡುತ್ತಿದ್ದಳು. ನನ್ನ ಮಗು ಅವಳೆದೆ ಚೀಪುವ ಸದ್ದು ಕೇಳಿದರೆ ನಾಚಿಕೆಯಿಂದ ಸೆರಗನ್ನು ಕಿವಿಗೆ ತುರುಕಿಕೊಳ್ಳುತ್ತಿದ್ದೆ. ಥೂ, ಇದೂ ಒಂದು ಜನ್ಮವೇ ಅನ್ನಿಸುತ್ತಿತ್ತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಹುಳು ಪೊರೆ ಬಿಡುವ ಹೊತ್ತಿನಲ್ಲಿ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನಾಗುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಪೊರೆ ಕಳಚಿದ ಮೇಲೆ ತಾನಾಗಿ ತಿನ್ನುತ್ತದೆ. ಹುಳು ಸಾಕುವುದರಲ್ಲೇ ತಲೆ ನರೆತ ನಮ್ಮತ್ತೆ ನನಗೂ ಅದೇ ಮದ್ದು ಮಾಡಿದರು.

"ಯಾರೂ ಮಾತಾಡಿಸ್ಬೇಡಿ. ತಾನಾಗೇ ಎದ್ದು ಬರ್ತಾಳೆ."

ಪ್ರೀತಿಯಿಂದಲೇ ಅಂದದ್ದು. ಎಲ್ಲರೂ ನನ್ನ ಬಾಗಿಲ ಮುಂದೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು. ಇವರಿಗೆಲ್ಲ ನಾನು ಬೇಡವಾದೆ ಅಂದುಕೊಂಡೆ.

ಬೇಡವಾದ ಮೇಲೆ ಇರುವುದೇಕೆ ಅಂತಲೂ ಅಂದುಕೊಂಡೆ.

ಯಜಮಾನರು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಸೀಸೆ ಖಾಲಿಯಾಯಿತು, ನಾನು ಏಳಲಿಲ್ಲ. ಕೊನೆಗೆ ಬೆಂಗಳೂರಿಗೆ, ಜನ ಹುಚ್ಚಾಸ್ಪತ್ರೆ ಅನ್ನುವ ಕಡೆಗೆ. ಅಲ್ಲಿಯ ಡಾಕ್ಟರು ಕೆಟ್ಟವರಲ್ಲ. "ಮೆಲಂಕೋಲಿಯಾ, ಮನಸ್ಸು ಮಂಕಾಗುವ ಕಾಯಿಲೆ" ಎಂದರು. ವಾರ್ಡು ತುಂಬಿದೆ, ಸೇರಿಸಿಕೊಂಡರೂ ಮಗುವನ್ನು ಜೊತೆಗೆ ಬಿಡುವಂತಿಲ್ಲ, ಮನೆಗೆ ಕೊಟ್ಟು ಕಳಿಸುವಂಥ ಔಷಧಿ ಇಲ್ಲ.

"ಒಬ್ಬರನ್ನೇ ಬಿಡಬೇಡಿ. ಯಾರಾದರೂ ಜೊತೆಗೇ ಇರಿ," ಎಂದು ಕಳಿಸಿದರು.

ಇದನ್ನು ಕೇಳಿ ಅತ್ತೆ, ಮಾತಾಡಿಸ್ಬೇಡಿ ಅಂದೋಳು ನಾನೇ ಅಲ್ವಾ ಎಂದು ಹಣೆ ಚಚ್ಚಿಕೊಂಡರು. ನನ್ನಿಂದ ಅವರಿಗೂ ಈ ಸಂಕಟ ಬಂತಲ್ಲ ಎಂದು ನಾನು ಇನ್ನಷ್ಟು ಕುಗ್ಗಿಹೋದೆ.

ಮರುದಿನ ನಂಜಮ್ಮ ಸೊಪ್ಪಿನ ಕುಕ್ಕೆ ತಂದು ನನ್ನ ಚಾಪೆಯ ಪಕ್ಕದಲ್ಲೇ ಸುರಿದು, ಹೆಚ್ಚುತ್ತಾ ಕೂತಳು. ಬಾಯಿಗೆ ಬಿಡುವಿಲ್ಲ. ಗಂಡನ ಗೊರಕೆ, ಪಕ್ಕದ ಮನೆಯ ಜಗಳ, ಎಲ್ಲವನ್ನೂ ಒದರಿದಳು. ದಿನವೂ ಹೀಗೇ. ಒಂದು ದಿನ ತಡೆಯಲಾರದೆ ನಾನೂ ಬಾಯಿಬಿಟ್ಟೆ.

"ನಂಜಿ, ನಾನಿಲ್ದಿದ್ರೇ ನಿಮಗೆಲ್ಲ ಒಳ್ಳೇದು ಕಣೇ."

ಅವಳ ಕೈ ನಿಂತಿತು. "ಒಳ್ಳೇದಾ? ನಿನ್ನ ಮಗ ಕಚ್ಚಿ ಕಚ್ಚಿ ಎದೆಯೆಲ್ಲ ಹುಣ್ಣು ಮಾಡವ್ನೆ. ನೀನು ಹೊಂಟೋದ್ರೆ ಯಾರನ್ನ ಬೈಲಿ ಅಕ್ಕಾ ನಾನು?" ಅಂದವಳೇ ಗೊಳೋ ಎಂದು ಅತ್ತಳು. ಎಷ್ಟೋ ಕಾಲದ ಮೇಲೆ ನನಗೂ ಅಳು ಬಂತು.

ವಾಸಿಯಾಯಿತು ಎಂದು ಹೇಳಲಾರೆ. ಈಗಲೂ ಕೆಲವು ದಿನ ಚಾಪೆ ಬಿಟ್ಟು ಏಳಲಾಗುವುದಿಲ್ಲ. ಮಗ ಹಸಿದರೆ ನಂಜಮ್ಮನ ಕಡೆಗೇ ಅಂಬೆಗಾಲಿಡುತ್ತಾನೆ. ನಿದ್ದೆಗೆ ಮಾತ್ರ ಈಚೆಗೆ ನನ್ನ ಮಡಿಲಿಗೆ ಬರುತ್ತಾನೆ.

ಮೊನ್ನೆ ಹುಳುಗಳು ಪೊರೆ ಬಿಡಲು ಕೂತವು. ಮನೆಯೆಲ್ಲ ಸದ್ದಡಗಿತು. ನಾನೂ ಸುಮ್ಮನೆ ಕೋಣೆಗೆ ಹೋದೆ. ಅತ್ತೆ ಮಂಡಿ ಹಿಡಿದುಕೊಂಡು ಹಿಂದೆಯೇ ಬಂದು, ಪಕ್ಕದಲ್ಲಿ ಕೂತರು.

"ಹುಳ ಸುಮ್ಕಿರ್ಲಿ. ನೀನು ಮಾತಾಡವ್ವ."

"ಏನ್ ಮಾತಾಡ್ಲಿ, ಅತ್ತೆ?"

"ಏನಾದ್ರೂ. ಇಲ್ಲೇ ಕೂತಿರ್ತೀನಿ," ಅಂದರು.