ಎದ್ದು ಹೊರಡುವ ವಿದ್ಯೆ

ಏಳುನೂರು ರೂಪಾಯಿ. ಅಂಗಡಿಯವರು ಮೊದಲು ಹೇಳಿದ್ದು ಸಾವಿರಕ್ಕೂ ಮೇಲೆ, ಕೊನೆಗೆ ನಾನು ಕೊಟ್ಟದ್ದು ಇಷ್ಟು. ಚಾಮರಾಜನಗರದ ಜವಳಿ ಅಂಗಡಿಯೊಂದರಲ್ಲಿ ಕೊಂಡ, ತಿಳಿ ಬೂದು ಬಣ್ಣದ, ಸಣ್ಣ ಅಂಚಿನ ಹತ್ತಿಯ ಸೀರೆಯ ಬೆಲೆ ಅದು. ಹಬ್ಬಕ್ಕೆಂದು ಕೊಂಡದ್ದಲ್ಲ, ಮದುವೆಗೆಂದೂ ಅಲ್ಲ, ಕೆಲಸ ಕೇಳಲು ಹೋಗುವುದಕ್ಕೆಂದು ಕೊಂಡದ್ದು. ಇಂಥ ಸೀರೆ ತೀರ ಹೊಸದಾಗಿ ಕಾಣಬಾರದು, ಹಳತಾಗಿಯೂ ಕಾಣಬಾರದು. ಉಟ್ಟವಳ ಮೇಲೆ ಕನಿಕರ ಹುಟ್ಟಬಾರದು, ಹಾಗೆಂದು ಇವಳಿಗೆ ಸಂಬಳ ಅಷ್ಟೇನೂ ಬೇಕಿಲ್ಲ ಎಂಬ ಧೈರ್ಯವೂ ಎದುರಿನವರಿಗೆ ಬರಬಾರದು. ಒಂದು ಸೀರೆ ಇಷ್ಟೆಲ್ಲ ರಾಜತಾಂತ್ರಿಕ ಹೊಣೆ ಹೊರಬೇಕೆಂದರೆ ಆರಿಸುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು ಎಂಬುದರಲ್ಲಿ ಆಶ್ಚರ್ಯವೇನಿದೆ, ಹೇಳಿ.

“ಅಕ್ಕಾ, ಈ ರೇಟ್ಗೆ ಕೊಟ್ರೆ ನಾನು ಅಂಗ್ಡಿ ಮುಚ್ಕಂಡು ಓಗ್ಬೇಕಾಯ್ತದೆ” ಎಂದರು ಅಂಗಡಿಯವರು.

“ಬುಡಿ ಅಣ್ಣಾ, ನನ್ ದೆಸೆಯಿಂದ ಯಾಕೆ ಮುಚ್ತೀರಾ” ಎಂದು ನಾನು ಸೀರೆಯನ್ನು ಮಡಿಕೆ ಕೆಡದಂತೆ ಇಟ್ಟು, ಎದ್ದು, ಹೊರಟೆ. ಹೊರಟೆ ಎಂದರೆ ಹೋದೆ ಎಂದಲ್ಲ. ಹೊರಡುವುದು ಒಂದು ಕಲೆ. ಬೇಗ ನಡೆದರೆ ಕೋಪ ಬಂದಿದೆ ಎಂದುಕೊಳ್ಳುತ್ತಾರೆ, ನಿಂತು ನಿಂತು ನಡೆದರೆ ಆಸೆ ಇದೆ ಎಂದು ತಿಳಿದುಬಿಡುತ್ತದೆ. ಇವೆರಡರ ನಡುವಿನ ಒಂದು ನಡಿಗೆ ಇದೆ, ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತ ನಡೆಯುವವರ ನಡಿಗೆ. ಆ ಲಯ ಹಿಡಿದು ಹೊಸ್ತಿಲ ತನಕ ಬಂದರೆ ಸಾಕು, ಬೆನ್ನ ಹಿಂದಿನಿಂದ “ಬನ್ನಿ ಅಕ್ಕಾ, ಬನ್ನಿ” ಎಂಬ ದನಿ ಬಂದೇ ಬರುತ್ತದೆ. ಬಂತು.

ಈ ವಿದ್ಯೆಯನ್ನು ನನಗೆ ಕಲಿಸಿದ್ದು ತೆರಕಣಾಂಬಿಯ ತರಕಾರಿ ಮಾರುಕಟ್ಟೆ ಮತ್ತು ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ನನ್ನ ಅವ್ವ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಪದವಿ ಪಡೆದದ್ದೂ ನಿಜ, ಆದರೆ ವ್ಯಾಪಾರವೆಂದರೇನೆಂದು ತಿಳಿದದ್ದು ಅವ್ವನ ಪಕ್ಕದಲ್ಲಿ, ಗೋಣಿಚೀಲದ ಮೇಲೆ ಕೂತು. ಹಾಗಾಗಿ, ಮಗಳನ್ನು ಹೈಸ್ಕೂಲಿಗೆ ಸೇರಿಸಲೆಂದು ಚಾಮರಾಜನಗರದಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದು, ನಾನೂ ಒಂದು ಕೆಲಸ ಹುಡುಕುತ್ತೇನೆಂದು ಹೊರಟಾಗ, ನನಗೆ ಅಂಜಿಕೆಯೆಂಬುದೇ ಇರಲಿಲ್ಲ. ನನ್ನ ಗಂಡ ಕೇರಳಕ್ಕೆ ತರಕಾರಿ ಟೆಂಪೊ ಓಡಿಸುತ್ತಾರೆ. ಅವರೊಬ್ಬರ ದುಡಿಮೆ ಊರಿನ ಮನೆಗೆ ಸಾಕು, ಪಟ್ಟಣದ ಬಾಡಿಗೆಗೆ ಸಾಲದು. “ಯುಗಾದಿ ಗಂಟ ನೋಡನ. ಅಷ್ಟ್ರಲ್ಲಿ ನಿಂಗೆ ಕೆಲ್ಸ ಆಗ್ಲಿಲ್ಲ ಅಂದ್ರೆ ಮನೆ ಖಾಲಿ ಮಾಡ್ಕಂಡು ಊರಿಗೆ ಓಗನ, ಮಗಳು ಅಲ್ಲೇ ಓದ್ಕತಾಳೆ” ಎಂದಿದ್ದರು. ಅದು ಗದರಿಕೆಯಲ್ಲ, ಲೆಕ್ಕ. ಆದರೆ ಮಗಳು ಅದಾಗಲೇ ಹೊಸ ಶಾಲೆಯ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಕೆಂಪಾಗುವುದನ್ನು ನೋಡಿ ಬಂದು, ಮನೆಯ ನಿಂಬೆಹಣ್ಣು, ಹುಣಸೆಹುಳಿ, ಸೋಪಿನ ನೀರುಗಳನ್ನೆಲ್ಲ ಅನುಮಾನದಿಂದ ನೋಡಲಾರಂಭಿಸಿದ್ದಳು. ಅವಳನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗುವುದು ನನ್ನಿಂದಾಗದ ಮಾತಾಗಿತ್ತು.

ಮೊದಲು ಹೋದದ್ದು ಒಂದು ಗೊಬ್ಬರದ ಅಂಗಡಿಗೆ. ಲೆಕ್ಕ ಬರೆಯುವ ಕೆಲಸ. ಮಾಲೀಕರು ಗಾಜಿನ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಏನೋ ನೋಡಿ ನಗುತ್ತಿದ್ದರು, ಆ ನಗುವಿನ ಉಳಿಕೆಯಲ್ಲೇ ನನ್ನ ಅಂಕಪಟ್ಟಿಗಳನ್ನು ತಿರುವಿ, ಸಂಬಳ ಹೇಳಿದರು. ಕೇಳಿದರೆ ಅವರ ಗೊಬ್ಬರದ ಚೀಲಕ್ಕೂ ಅವಮಾನವಾಗಬೇಕು, ಅಷ್ಟು ಕಡಿಮೆ. ನಾನು ಮಾರುಕಟ್ಟೆಯ ಮಗಳಲ್ಲವೇ, “ಆಗ್ಲಿ ಬುಡಿ ಸಾರ್” ಎಂದು ಎದ್ದೆ. ಆಕಾಶ ನೋಡುವ ನಡಿಗೆಯಲ್ಲಿ ಬಾಗಿಲ ಬಳಿ ಬಂದೆ. ದನಿ ಬರಲಿಲ್ಲ. ಬಾಗಿಲು ತೆರೆದು ನಿಂತು, ಚಪ್ಪಲಿ ಸರಿಮಾಡಿಕೊಂಡೆ, ಸೀರೆಯ ನೆರಿಗೆ ಸರಿಮಾಡಿಕೊಂಡೆ, ಸರಿಯಾಗಿಯೇ ಇದ್ದ ಚೀಲವನ್ನೂ ಸರಿಮಾಡಿಕೊಂಡೆ. ಆಗ ಹಿಂದಿನಿಂದ ದನಿ ಬಂತು.

“ಅಮ್ಮಾ, ಬಾಗ್ಲು ಹಾಕ್ಕಂಡು ಓಗಿ. ಏಸಿ ಓಯ್ತದೆ.”

ಆ ಸಂಜೆ ಮಗಳಿಗೆ ಇದನ್ನು ಹೇಳಿದರೆ ಅವಳು ಉರುಳಾಡಿ ನಕ್ಕಳು. ನನಗೂ ನಗು ಬಂತು, ಆದರೆ ಸ್ವಲ್ಪ ತಡವಾಗಿ. ಯೋಚಿಸಿ ನೋಡಿದರೆ ತಪ್ಪು ನನ್ನದೇ. ಮಾರುಕಟ್ಟೆಯಲ್ಲಿ ಎದ್ದು ಹೊರಟವರನ್ನು ಕರೆಯುವುದು, ಅವರ ಹಿಂದೆ ಇನ್ನೊಬ್ಬ ಗಿರಾಕಿ ಬರುವ ಖಾತ್ರಿ ಇಲ್ಲದ್ದರಿಂದ. ಕೆಲಸದ ಬಾಗಿಲಲ್ಲಾದರೋ ನನ್ನ ಹಿಂದೆ ಪದವಿಗಳ ಒಂದು ಸಾಲೇ ಬಿಸಿಲಲ್ಲಿ ನಿಂತಿತ್ತು. ನಾನು ಕೊಳ್ಳುವವಳ ನಡಿಗೆಯನ್ನು ಮಾರುವ ಜಾಗದಲ್ಲಿ ನಡೆದುಬಿಟ್ಟಿದ್ದೆ.

ಆಮೇಲೆ ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಬೆಳಗ್ಗೆ ಬನ್ನಿ ಎಂದವರು ಊಟದ ಹೊತ್ತು ಕಳೆದ ಮೇಲೆ ಒಳಗೆ ಬಿಟ್ಟರು. ಗೇಟಿನ ಹೊರಗೆ ಕೂರಲು ಜಾಗವಿಲ್ಲ, ನೆರಳಿದ್ದದ್ದು ಕಾವಲಿನವರ ಸ್ಕೂಟರಿಗೆ ಮಾತ್ರ. ಒಳಗಿನವರು ಕೇಳಿದ ಮೊದಲ ಪ್ರಶ್ನೆ, “ಯಾರ್ ಕಡೆಯಿಂದ ಬಂದಿದ್ದೀರಾ?” ನಾನು ತೆರಕಣಾಂಬಿ ಕಡೆಯಿಂದ ಎಂದೆ. ಅವರು ಕೇಳಿದ್ದು ಯಾವ ದೊಡ್ಡವರ ಶಿಫಾರಸು ಎಂದು, ಅದು ನನಗೆ ಗೊತ್ತಿತ್ತು. ಶಿಫಾರಸು ಇಲ್ಲದ ಮೇಲೆ ಊರನ್ನಾದರೂ ಹೇಳೋಣವೆಂದುಕೊಂಡೆ. “ಫೋನ್ ಮಾಡ್ತೀವಿ” ಎಂದರು. ಅಂದಿನಿಂದ ಆ ಫೋನನ್ನು ನಾನು ಬಚ್ಚಲಿಗೂ ಒಯ್ದೆ, ಅಡುಗೆಯ ಒಲೆಯ ಪಕ್ಕದಲ್ಲೂ ಇಟ್ಟುಕೊಂಡೆ. “ಅವ್ವಾ, ಸಾಲ ಬೇಕಾ ಅಂತ ಕೇಳೋರು ಬುಟ್ರೆ ನಿಂಗ್ಯಾರೂ ಫೋನ್ ಮಾಡಲ್ಲ ಕಣವ್ವಾ” ಎಂದಳು ಮಗಳು. ಸತ್ಯ ಹೇಳುವುದರಲ್ಲಿ ಮಕ್ಕಳಿಗೆ ಚೌಕಾಸಿ ಗೊತ್ತಿಲ್ಲ.

ಒರಟು ಮಾತಿಗಿಂತ ಈ ಮೌನ ಹೆಚ್ಚು ನೋಯಿಸುತ್ತದೆ ಎಂಬುದು ನಿಮಗೂ ಅನುಭವವಿರಬಹುದು. ಬೇಡ ಎಂದವರ ಮೇಲೆ ಸಿಟ್ಟಾದರೂ ಮಾಡಬಹುದು, ಏನೂ ಹೇಳದವರ ಮೇಲೆ ಏನು ಮಾಡುವುದು? ಅದೇ ದಿನಗಳಲ್ಲಿ ಒಮ್ಮೆ ಊರಿಗೆ ಹೋಗಿದ್ದೆ. ಅವ್ವ ಈಗಲೂ ಸಂತೋಷಕ್ಕೆಂದು ಸ್ವಲ್ಪ ಬೀನ್ಸ್ ಹಿಡಿದು ಮಾರುಕಟ್ಟೆಗೆ ಹೋಗುತ್ತಾಳೆ, ಮನೆಯಲ್ಲಿ ಕೂತರೆ ಕಾಲು ಹಿಡಿಯುತ್ತದಂತೆ. ನಾನೂ ಜೊತೆಗೆ ಹೋದೆ. ಕೇರಳದ ಕಡೆಯ ವ್ಯಾಪಾರಿಯೊಬ್ಬರು ಒಂದು ಕಾಯಿ ಮುರಿದು ನೋಡಿ, ಬುಟ್ಟಿಗೆ ಬಿಸಾಡಿ ಮುಂದೆ ನಡೆದರು. ಹಾಗೆ ಬಿಸಾಡಿದ್ದು ನನ್ನ ಕಣ್ಣಿಗೆ ನೀರು ತಂದಿತು, ನನ್ನದೇ ಅಂಕಪಟ್ಟಿಯನ್ನು ಬಿಸಾಡಿದಂತೆ. ಅವ್ವ ಮಾತ್ರ ಕುತ್ತಿಗೆ ಉದ್ದ ಮಾಡಿ ಕೂಗಿದಳು:

“ಯಾಕಣ್ಣಾ, ಏನಾಗದೆ? ಬ್ಯಾಡ ಅಂದ್ರೆ ಬ್ಯಾಡ, ಏನ್ ಕಮ್ಮಿ ಅಂತ ಏಳ್ಬುಟ್ಟು ಓಗು!”

ಅವರು ತಿರುಗಿ ನಕ್ಕು, “ಮೂತ್ತು ಪೋಯಿ ಚೇಚಿ, ಬಲ್ತ್ಬಿಟ್ಟಿದೆ” ಎಂದರು.

“ಅಂಗಾರೆ ನಾಳೀಕೆ ಎಳೇದು ಕುಯ್ಕಂಡ್ ಬತ್ತೀನಿ, ಈ ಕಡೀಕೇ ಬಾ” ಎಂದು ಅವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ನಾನು ಬಾಲ್ಯದುದ್ದಕ್ಕೂ ನೋಡಿಯೂ ನೋಡದೆ ಇದ್ದ ವಿದ್ಯೆ ಇದು. ಎದ್ದು ಹೊರಡುವುದನ್ನಷ್ಟೇ ನಾನು ಅವ್ವನಿಂದ ಕಲಿತಿದ್ದೆ, ಅದು ಅವಳು ಕೊಳ್ಳುವಾಗಿನ ವಿದ್ಯೆ. ಮಾರುವಾಗ ಅವಳು ಎಂದೂ ಎದ್ದವಳಲ್ಲ. ಬೇಡ ಎಂಬ ಮಾತನ್ನು ಅವಳು ಎದೆಗೆ ಹಾಕಿಕೊಳ್ಳುತ್ತಿರಲಿಲ್ಲ, ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಬೀನ್ಸ್ ಬಲಿತಿದೆ ಎಂದರೆ ಬೀನ್ಸ್ ಬಲಿತಿದೆ, ಅಷ್ಟೇ. ಬೆಳೆದ ಕೈ ಕೆಟ್ಟದ್ದೆಂದಾಗಲಿ, ಹೊಲ ಕೆಟ್ಟದ್ದೆಂದಾಗಲಿ, ಜನ್ಮ ಕೆಟ್ಟದ್ದೆಂದಾಗಲಿ ಅದರಿಂದ ಸಿದ್ಧಾಂತ ಕಟ್ಟುವ ಪುರುಸೊತ್ತು ಅವಳಿಗಿರಲಿಲ್ಲ.

ಮುಂದಿನ ಸಂದರ್ಶನ ಗುಂಡ್ಲುಪೇಟೆಯಲ್ಲಿ, ತರಕಾರಿ ಪ್ಯಾಕ್ ಮಾಡಿ ಕಳಿಸುವ ಒಂದು ಗೋದಾಮಿನಲ್ಲಿ. ಅಲ್ಲಿನ ಮ್ಯಾನೇಜರು ನನ್ನ ಕಡತವನ್ನು ತೆರೆಯಲೂ ಇಲ್ಲ. “ನಿಮ್ಮಂಥೋರು ದಿನಾ ಬತ್ತಾನೇ ಇರ್ತಾರೆ. ಆಗಲ್ಲ, ಓಗಿ” ಎಂದರು. ಕಾಲುಗಳು ಅಭ್ಯಾಸಬಲದಿಂದ ಎದ್ದವು, ನಾನು ಅವನ್ನು ಮತ್ತೆ ಕೂರಿಸಿದೆ.

“ಆಗ್ಲಿ ಸಾರ್, ಬ್ಯಾಡ ಅಂದ್ರೆ ಬ್ಯಾಡ. ಏನ್ ಕಮ್ಮಿ ಅಂತ ಏಳ್ಬುಡಿ, ಓಯ್ತೀನಿ.”

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮೊದಲ ಬಾರಿಗೆ ನನ್ನ ಮುಖ ನೋಡಿದರು, ಕಡತ ತೆರೆದರು. “ಕಂಪ್ಯೂಟರ್ನಲ್ಲಿ ಸ್ಟಾಕ್ ಏರ್ಸಕ್ಕೆ ಬತ್ತದಾ? ಇಲ್ವಲ್ಲ. ಈಗ ಪುಸ್ತಕದಲ್ಲಿ ಬರ್ಕಳೋರ್ನ ಯಾರಮ್ಮಾ ತಕ್ಕತಾರೆ?” ಎಂದರು. ದನಿ ಒರಟೇ. ಆದರೆ ಆ ಒರಟು ಸಿಪ್ಪೆಯೊಳಗೆ ನನಗೆ ಬೇಕಾದ ತಿರುಳಿತ್ತು. ವಂದನೆ ಹೇಳಿ, ಬಾಗಿಲು ಭದ್ರವಾಗಿ ಹಾಕಿಕೊಂಡು ಬಂದೆ. ಬಂದವಳೇ ನಗರದ ಕಂಪ್ಯೂಟರ್ ತರಬೇತಿಯ ಅಂಗಡಿಗೆ ಸೇರಿದೆ. ಮಗಳ ವಯಸ್ಸಿನವರ ನಡುವೆ ಕೂತು, ಮೌಸನ್ನು ಮೊದಮೊದಲು ಬಿಸಿ ಪಾತ್ರೆಯಂತೆ ಹಿಡಿದು, ಆಮೇಲೆ ತಕ್ಕಡಿಯಂತೆ ಹಿಡಿದು, ಕಲಿತೆ.

ಯುಗಾದಿ ಹತ್ತಿರ ಬಂದು, ಗಂಡ ಸಾಮಾನು ಸಾಗಿಸಲು ಟೆಂಪೊ ಯಾವಾಗ ತರಲಿ ಎಂದು ಮೆಲ್ಲಗೆ ಕೇಳತೊಡಗಿದ್ದಾಗ, ಚಾಮರಾಜನಗರದ ಒಂದು ಅರಿಶಿನದ ಮಂಡಿಯಲ್ಲಿ ದಾಸ್ತಾನು ನೋಡಿಕೊಳ್ಳುವವರು ಬೇಕೆಂದು ತಿಳಿಯಿತು. ಮಾಲೀಕರು ವಯಸ್ಸಾದವರು, ಕೈಯೆಲ್ಲ ಅರಿಶಿನ. ಕಂಪ್ಯೂಟರಿನ ಮುಂದೆ ಕೂರಿಸಿ ನೋಡಿದರು, ತಲೆಯಾಡಿಸಿದರು, ಸಂಬಳ ಹೇಳಿದರು. ಕಡಿಮೆ. ನಾನು ನನ್ನದನ್ನು ಹೇಳಿದೆ. ಅವರ ಮುಖ ಗಂಟಾಯಿತು. “ಓಗಿ, ಮನೇಲಿ ಯೋಚ್ನೆ ಮಾಡ್ಕಂಡು ಬನ್ನಿ” ಎಂದರು.

“ಇಲ್ಲೇ ಕೂತ್ಕಂಡು ಯೋಚ್ನೆ ಮಾಡ್ತೀನಿ ಸಾರ್, ನೀವೂ ಮಾಡಿ” ಎಂದೆ. ನಿಜ ಹೇಳುತ್ತೇನೆ, ಮಗಳ ಶಾಲೆ, ಮನೆ ಎಲ್ಲವೂ ಆ ಮರದ ಕುರ್ಚಿಯ ಮೇಲೆ ನನ್ನ ಜೊತೆ ಕೂತಿದ್ದವು. ಅವರು ಯಾರೊಂದಿಗೋ ಫೋನಿನಲ್ಲಿ ಮಾತಾಡಿದರು, ಚೀಲ ಎಣಿಸಿ ಬಂದರು, ನಾನು ಇನ್ನೂ ಅಲ್ಲೇ ಇದ್ದೆ.

“ಏನಮ್ಮಾ, ನನ್ನತ್ರಾನೇ ಇಂಗೆ ಚೌಕಾಸಿ ಮಾಡ್ತೀಯಲ್ಲ!”

“ಇವತ್ತು ನಿಮ್ಮತ್ರ ಮಾಡ್ತೀನಿ ಸಾರ್. ನಾಳೆಯಿಂದ ನಿಮ್ ಪರವಾಗಿ ಮಾಡ್ತೀನಿ.”

ಅವರು ನಕ್ಕುಬಿಟ್ಟರು. ನಾನು ಕೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ನಡುವಿನ ಒಂದು ಜಾಗದಲ್ಲಿ ಇಬ್ಬರೂ ಒಪ್ಪಿದೆವು. ಟೆಂಪೊ ಬರಲಿಲ್ಲ. ಮಗಳು ಈಗ ಹುಣಸೆಹುಳಿಯ ವಿಚಾರಣೆ ಮುಗಿಸಿ ನನ್ನ ಕಾಫಿಯ ಮೇಲೆ ಕಣ್ಣಿಟ್ಟಿದ್ದಾಳೆ.

ಆದ್ದರಿಂದ, ಕೆಲಸ ಹುಡುಕುತ್ತಿರುವ ಗೆಳೆಯರೇ, ಪುಕ್ಕಟೆಯಾಗಿ ನನ್ನಿಂದ ಇಷ್ಟು ಪಡೆಯಿರಿ. ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೊರಡಿ, ಅವರ ಗಡಿಯಾರಕ್ಕೂ ನಿಮ್ಮ ಹಸಿವಿಗೂ ಸಂಬಂಧವಿರುವುದಿಲ್ಲ. ಫೋನ್ ಮಾಡುತ್ತೇವೆ ಎಂದವರನ್ನು ಯಾವತ್ತು ಎಂದು ಅಲ್ಲೇ ಕೇಳಿ. ಆ ದಿನ ಕಳೆದರೆ ನೀವೇ ಒಮ್ಮೆ ಮಾಡಿ, ಆಮೇಲೆ ಮರೆತುಬಿಡಿ. ಬೇಡ ಎಂದರೆ ಏನು ಕಡಿಮೆ ಎಂದು ಕೇಳದೆ ಮೇಲೇಳಬೇಡಿ. ಹೇಳಿದರೆ ಕಲಿಯಿರಿ, ಬೈದರೆ ಬೈಗುಳವನ್ನು ಅವರ ಮೇಜಿನ ಮೇಲೇ ಬಿಟ್ಟು ಬನ್ನಿ, ಅದು ಅವರದೇ ಸಾಮಾನು. ಮುಂದೊಂದು ದಿನ ಆ ಮೇಜಿನ ಆಚೆ ಬದಿಯಲ್ಲಿ ನೀವೇ ಕೂರುವ ಹಾಗಾದರೆ, ಬೇಡವೆನ್ನುವುದಿದ್ದರೆ ಅವತ್ತೇ ಬೇಡವೆನ್ನಿ, ಯಾಕೆಂದೂ ಹೇಳಿ, ಆದರೆ ಅದಕ್ಕೂ ಮೊದಲು ಕುರ್ಚಿ ತೋರಿಸಿ ಒಂದು ಲೋಟ ನೀರು ಕೊಡಿ. ಬಂದವರು ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿರುತ್ತಾರೆ.